ಎರಡು ದಿನಕ್ಕೆ ಕೊಟ್ಟ ಇಂಜಿನ್

ನಮ್ಮ ಜೀಪಿನ ಇಂಜಿನ್ ನಮ್ಮ ಜೀಪಿನಲ್ಲಿ ಇರಲಿಲ್ಲ. ಮೈಸೂರಿನ ನಜರ್‌ಬಾದಿನಲ್ಲೇ, ನಮ್ಮ ಮನೆಯಿಂದ ಎರಡು ಬೀದಿ ಆಚೆಯ ಹಿಟ್ಟಿನ ಮಿಲ್ಲಿನಲ್ಲಿ ಕೂತು ಊರವರ ರಾಗಿ ಬೀಸುತ್ತಿತ್ತು. ಇದನ್ನು ಯಾರಿಗೆ ಹೇಳಿದರೂ ಒಂದು ಕ್ಷಣ ನನ್ನ ಮುಖ ನೋಡುತ್ತಾರೆ, ಆಮೇಲೆ "ಕದ್ದುಕೊಂಡು ಹೋದರಾ?" ಎಂದು ಕೇಳುತ್ತಾರೆ. ಕದ್ದಿದ್ದರೆ ಎಷ್ಟೋ ಚೆನ್ನಾಗಿತ್ತು, ಪೊಲೀಸರಿಗಾದರೂ ಹೇಳಬಹುದಿತ್ತು. ನಾವೇ ಕೊಟ್ಟದ್ದು. ಎರಡು ದಿನಕ್ಕೆ.

ಕೊಟ್ಟವರು ನಮ್ಮಪ್ಪ. ನಾನು ಸ್ಕೂಲಿನಲ್ಲಿ ವ್ಯಾಯಾಮದ ಟೀಚರಾಗಿ ಕೆಲಸಕ್ಕೆ ಸೇರಿದ ಹೊಸತು. ಅಪ್ಪ ಸಣ್ಣಪುಟ್ಟ ಕಟ್ಟಡದ ಕಂಟ್ರಾಕ್ಟು ಮಾಡುತ್ತಿದ್ದರು, ಓಡಾಡಲು ಆಗಲೇ ಹಳೆಯದಾಗಿದ್ದ ಈ ತೆರೆದ ಜೀಪು. ಒಂದು ದಿನ ಮಿಲ್ಲಿನವರ ಇಂಜಿನ್ ಸೀಳು ಬಿಟ್ಟು ನಿಂತುಹೋಯಿತು. ಬೀದಿಯ ತುಂಬಾ ರಾಗಿ ಡಬ್ಬ ಹಿಡಿದ ಹೆಂಗಸರು. ಮಿಲ್ಲಿನ ಒಡತಿ, ನಾವು ಮಿಲ್ಲತ್ತೆ ಎಂದು ಕರೆಯುವವರು, ಅವ್ವನ ಜೀವದ ಗೆಳತಿ. ಇಬ್ಬರೂ ಒಂದೇ ವರ್ಷ ಬೇರೆ ಬೇರೆ ಹಳ್ಳಿಗಳಿಂದ ಮದುವೆಯಾಗಿ ಈ ಬೀದಿಗಳಿಗೆ ಬಂದವರು. ನಲ್ಲಿ ನೀರಿಗೆ ಜೊತೆಯಲ್ಲೇ ನಿಂತು, ಮ್ಯಾಟಿನಿಗೆ ಜೊತೆಯಲ್ಲೇ ಓಡಿ, ಗಂಡಂದಿರನ್ನು ಜೊತೆಯಲ್ಲೇ ಬೈದುಕೊಂಡು ಬಂದವರು. ಆಕೆ ಗಾಬರಿಯಿಂದ ಅಳುತ್ತಾ ಬಾಗಿಲಲ್ಲಿ ಬಂದು ನಿಂತಾಗ ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ಅದಕ್ಯಾಕ್ ಅಳ್ತೀಯಮ್ಮ, ನಮ್ ಜೀಪಿಂದು ಬಿಚ್ಕೊಡ್ತೀನಿ, ಎರಡ್ ದಿನ ಇಟ್ಕೊ," ಎಂದರು. ಹೆಪ್ಪಿಗೆ ಒಂದು ಲೋಟ ಮಜ್ಜಿಗೆ ಕೊಟ್ಟ ಹಾಗೆ ಇಂಜಿನ್ ಬಿಚ್ಚಿ ಕೊಟ್ಟರು.

ಮೂರನೆಯ ದಿನ ಹೋಗಿ ಕೇಳಬೇಕಿತ್ತು ತಾನೇ? ಕೇಳಲಿಲ್ಲ. "ಪಾಪ, ಅವರಾಗೇ ಕೊಡ್ತಾರೆ ಬುಡು. ಕೇಳಿದ್ರೆ ಏನಂದ್ಕೊಂಡಾರು?" ಎಂದರು ಅಪ್ಪ. ಮಿಲ್ಲತ್ತೆ ತಾನಾಗಿ ತಂದು ಕೊಡಬೇಕಿತ್ತು ತಾನೇ? ಆಕೆಯೂ ಕೊಡಲಿಲ್ಲ. ಹೀಗೆ ಮೂವತ್ತು ಚಿಲ್ಲರೆ ವರ್ಷ ಕಳೆಯಿತು. ದಾಕ್ಷಿಣ್ಯ ಎನ್ನುವ ಕಾಯಿಲೆ ನಮ್ಮ ಮೈಸೂರಿನವರಿಗೆ ನೀರಿನಲ್ಲೇ ಬರುತ್ತದೋ ಏನೋ. ಅಪ್ಪ ಸೈಕಲ್ಲಿನಲ್ಲೇ ಕಂಟ್ರಾಕ್ಟು ಮುಗಿಸಿ, ಸೈಕಲ್ಲಿನಲ್ಲೇ ಮುದುಕರಾಗಿ, ಒಂದು ದಿನ ಹೋಗಿಯೇಬಿಟ್ಟರು. ಜೀಪು ಶೆಡ್ಡಿನಲ್ಲಿತ್ತು. ಇಂಜಿನ್ ಇರಬೇಕಾದ ಗುಂಡಿಯಲ್ಲಿ ಅವ್ವ ತೆಂಗಿನಕಾಯಿ ಪೇರಿಸಿಡುತ್ತಿದ್ದಳು. ಬಾನೆಟ್ಟಿನ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು.

ಇದರಲ್ಲಿ ನಿಜವಾಗಿ ಹಾಳಾದದ್ದು ಜೀಪಲ್ಲ, ಅವ್ವನ ಗೆಳೆತನ. ಇಂಜಿನ್ ಕೊಟ್ಟ ಮೇಲೆ ಇಬ್ಬರ ನಡುವೆ ಅದೇನೋ ಸಂಕೋಚ ಬಂದು ಕೂತುಬಿಟ್ಟಿತು. ಅವ್ವ ಮಿಲ್ಲಿಗೆ ಹೋದರೆ ಇಂಜಿನ್ ಕೇಳಲು ಬಂದಳು ಎಂದುಕೊಂಡಾರು. ಹೋಗದಿದ್ದರೆ ಇಂಜಿನ್ ಕೊಟ್ಟಿಲ್ಲವೆಂದು ಮುನಿಸಿಕೊಂಡಳು ಎಂದುಕೊಂಡಾರು. ಅದಕ್ಕೆ ಅವ್ವ ಒಂದು ದಾರಿ ಕಂಡುಕೊಂಡಳು. ಪ್ರತಿ ಮಂಗಳವಾರ ರಾಗಿ ತೆಗೆದುಕೊಂಡು ಹೋಗುವುದು, ಇಂಜಿನ್ನಿನ ಕಡೆ ಕಣ್ಣೆತ್ತಿಯೂ ನೋಡದೆ, ಬೆಂಚಿನ ಮೇಲೆ ಕೂತು ಬರುವುದು. ಮೊದಲು "ಬಾರೇ, ಹೋಗೇ" ಎನ್ನುತ್ತಿದ್ದವರು ಈಗ "ಬನ್ನಿ, ಚೆನ್ನಾಗಿದೀರಾ, ಮಳೆ ಬರೋ ಹಂಗಿದೆ" ಎಂದು ಬ್ಯಾಂಕಿನ ಕೌಂಟರಿನಲ್ಲಿ ಮಾತಾಡುವವರ ಹಾಗೆ ಮಾತಾಡುತ್ತಿದ್ದರು. ಆದರೂ ಅವ್ವನಿಗೆ ಆ ಮಂಗಳವಾರ ತಪ್ಪಿಸುವ ಹಾಗಿರಲಿಲ್ಲ. ಪರಿಣಾಮ ಏನಾಯಿತು ಎಂದರೆ, ನಾವು ವರ್ಷಗಟ್ಟಲೆ, ಬೇಸಿಗೆ ಎನ್ನದೆ ಮಳೆ ಎನ್ನದೆ, ಬೀಸಿಸಿದ ರಾಗಿ ಮುಗಿಸಲೇಬೇಕೆಂದು ಎರಡು ಹೊತ್ತೂ ಮುದ್ದೆ ತಿಂದೆವು. ಒಂದು ಸಲ ನಾನು ದೊಡ್ಡ ರಸ್ತೆಯ ಕರೆಂಟಿನ ಮಿಲ್ಲಿನಲ್ಲಿ ರಾಗಿ ಹಾಕಿಸಿಕೊಂಡು ಬಂದಾಗ ಅವ್ವ ಹೆದರಿ ಬಾಗಿಲು ಹಾಕಿಕೊಂಡಳು. "ಯಾರಾದ್ರೂ ನೋಡಿದ್ರೇನೇ? ಅವಳ ಕಿವಿಗೆ ಬಿದ್ರೆ ಏನು ಗತಿ?" ಬ್ರಾಂದಿ ಅಂಗಡಿಗೆ ಹೋಗಿ ಬಂದವಳನ್ನು ಕೇಳಿದ ಹಾಗೆ ಕೇಳಿದಳು.

ನಾನು ಮದುವೆಯಾಗಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲಿ, ವಿಷಲ್ಲು ಕುತ್ತಿಗೆಯಲ್ಲಿ, ಹೀಗೇ ಸರ್ವಿಸು ಮುಗಿಸಿದೆ. ರಿಟೈರ್ ಆದ ದಿನ ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ನನ್ನನ್ನು ಕಂಡರೆ ಆಗದವರೆಲ್ಲ ನನ್ನ ಮೇಲೆ ಭಾಷಣ ಮಾಡಿ ಕಳಿಸಿದರು. ಮಾರನೆಯ ಬೆಳಿಗ್ಗೆ ಎದ್ದರೆ ಬೈಯಲು ಒಬ್ಬರೂ ಇಲ್ಲ. ಶೆಡ್ಡಿಗೆ ಹೋಗಿ ಜೀಪಿನ ಸ್ಟೀರಿಂಗ್ ಹಿಡಿದು ಕೂತೆ. ನನಗೆ ಕಾರು ಬರುತ್ತದೆ, ಸ್ಕೂಟರ್ ಬರುತ್ತದೆ, ಸ್ಕೂಲಿನ ವ್ಯಾನನ್ನೂ ಓಡಿಸಿದ್ದೇನೆ. ಅಪ್ಪನ ಜೀಪನ್ನು ಮಾತ್ರ ಒಂದು ಮಾರು ದೂರವೂ ಓಡಿಸಿರಲಿಲ್ಲ. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಬೇಕು ಅನ್ನಿಸಿತು. ಅನ್ನಿಸಿದ ಮೇಲೆ ಮುಗಿಯಿತು, ನನ್ನ ಸ್ವಭಾವವೇ ಹಾಗೆ.

ಅವ್ವನಿಗೆ ಹೇಳಿದೆ. ಅವಳು ತೆಂಗಿನಕಾಯಿಗಳನ್ನು ಒಂದೊಂದಾಗಿ ಎತ್ತಿಡುತ್ತಾ, "ಏನಾದ್ರೂ ಮಾಡ್ಕೋ. ಆದ್ರೆ ಆ ಇಂಜಿನ್ ಕೇಳೋಕ್ ಹೋಗ್ಬೇಡ. ನನಗಿರೋದು ಅವಳೊಬ್ಬಳೇ ಕಣೇ. ವಾರಕ್ಕೊಂದ್ಸಲ ಮುಖ ನೋಡ್ತೀನಲ್ಲ, ಅದಾದ್ರೂ ಉಳೀಲಿ," ಎಂದಳು.

ಸರಿ, ಬೇರೆ ಇಂಜಿನ್ ಹಾಕಿಸೋಣ ಎಂದು ಲಷ್ಕರ್ ಮೊಹಲ್ಲಾದ ಒಬ್ಬ ಮೆಕಾನಿಕ್ಕನ್ನು ಹಿಡಿದೆ. ಆತನ ಕೈಗಿಂತ ಬಾಯಿ ಜೋರು. ಜೀಪಿನ ಖಾಲಿ ಗುಂಡಿಯೊಳಗೆ ತಲೆ ಹಾಕಿ, ಹೊರಗೆ ತೆಗೆದು, "ಮೇಡಮ್, ಇದಕ್ಕೆ ನಾನು ಹುಲಿ ತಂದು ಹಾಕ್ತೀನಿ. ನೀವು ಟೆನ್ಷನ್ ತಗೋಬೇಡಿ," ಎಂದ. ತಂದ ಹುಲಿ ಯಾವುದೆಂದರೆ, ತರಕಾರಿ ಸಾಗಿಸುವ ಮೂರು ಗಾಲಿಯ ಟೆಂಪೋದ ಹಳೆಯ ಡೀಸೆಲ್ ಇಂಜಿನ್. ಅದಕ್ಕೆ ತಿರುಗಿಸಿ ಸ್ಟಾರ್ಟ್ ಮಾಡುವ ಹ್ಯಾಂಡಲ್ಲೂ ಇರಲಿಲ್ಲ, ಹಗ್ಗ ಸುತ್ತಿ ಬುಗುರಿಯ ಹಾಗೆ ಎಳೆಯಬೇಕು. "ಸಾಕಾಗುತ್ತೇನಪ್ಪಾ?" ಎಂದರೆ, "ಸಾಕಾಗಿ ಮಿಕ್ಕುತ್ತೆ," ಎಂದ.

ಮೊದಲ ಸಲ ಸ್ಟಾರ್ಟ್ ಮಾಡಿದ ದಿನವನ್ನು ನೆನೆಸಿಕೊಂಡರೆ ಈಗಲೂ ಹಲ್ಲು ಕಟಕಟಿಸುತ್ತದೆ. ಜೀಪು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ನಿಂತಲ್ಲೇ ನಡುಗುತ್ತಾ ಅಡ್ಡಡ್ಡವಾಗಿ ಜರುಗಿ ತುಳಸಿಕಟ್ಟೆಗೆ ಹೋಗಿ ಒರಗಿಕೊಂಡಿತು. ಎಡಗಡೆಯ ದೀಪ ಕಳಚಿ ಬಿತ್ತು. ಹಾರನ್ ತನ್ನಷ್ಟಕ್ಕೆ ತಾನೇ ಹೊಡೆದುಕೊಂಡಿತು. ಪಕ್ಕದ ಮನೆಯವರು ಬಂದು "ಬೋರ್‌ವೆಲ್ ಹಾಕಿಸ್ತಿದೀರಾ? ನೀರು ಬಂತಾ?" ಎಂದರು. ಮೆಕಾನಿಕ್ ಮಾತ್ರ ಹೆಮ್ಮೆಯಿಂದ ಕೈ ಒರೆಸಿಕೊಳ್ಳುತ್ತಾ, "ಸೆಟ್ ಆಗ್ತಾ ಇದೆ ಮೇಡಮ್," ಎಂದ.

ಸೆಟ್ ಆಗಲೆಂದು ಬೀದಿಗೆ ಇಳಿಸಿದೆ. ನಾನು ಗಂಟಲು ಹರಿದುಹೋಗುವ ಹಾಗೆ ಕಿರುಚಿದರೂ ಅದು ನಡೆಯುವ ಮನುಷ್ಯರ ವೇಗ ದಾಟಲಿಲ್ಲ. ತಳ್ಳುಗಾಡಿಯಲ್ಲಿ ಸೊಪ್ಪು ಮಾರುವ ಹೆಂಗಸು ನನ್ನನ್ನು ಹಿಂದೆ ಹಾಕಿ ಮುಂದೆ ಹೋದಳು. ಹೋದವಳು ತಿರುಗಿ ನೋಡಿ, ಪಾಪ ಅನ್ನಿಸಿರಬೇಕು, "ಅಕ್ಕಾ, ತಳ್ಬೇಕಾ?" ಎಂದು ಕೇಳಿದಳು. ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಆ ಸಿಟ್ಟಿನಲ್ಲೇ ತಿರುವಿನಲ್ಲಿ ತಿರುಗಿಸಿದೆ. ದರಿದ್ರದ್ದು ಕೆಮ್ಮಿ, ಹೊಗೆ ಉಗುಳಿ, ಬೇರೆಲ್ಲೂ ಜಾಗ ಸಿಗಲಿಲ್ಲವೇನೋ ಎನ್ನುವ ಹಾಗೆ, ಸರಿಯಾಗಿ ಮಿಲ್ಲಿನ ಬಾಗಿಲ ಮುಂದೆ ನಿಂತುಹೋಯಿತು.

ಒಳಗೆ ನಮ್ಮ ಇಂಜಿನ್ ಓಡುತ್ತಿತ್ತು. ಅದರ ದೊಡ್ಡ ಚಕ್ರ ಫ್ಲೈವೀಲಿಗೆ ಬೆಲ್ಟು, ಬೆಲ್ಟಿನ ಆ ತುದಿಗೆ ಬೀಸುವ ಕಲ್ಲು. ಸದ್ದು ಈಗಲೂ ನಯವಾಗಿತ್ತು. ಅಪ್ಪ ಸಂಜೆ ಬೀದಿ ತಿರುವಿಗೆ ಬರುತ್ತಿದ್ದಾಗ ಅವ್ವ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದದ್ದು ಅದೇ ಸದ್ದು ಕೇಳಿ. ನನ್ನ ಅಪ್ಪನ ಇಂಜಿನ್ ಯಾರದೋ ರಾಗಿ ಬೀಸುತ್ತಾ ಹಾಯಾಗಿದೆ, ನಾನು ಸೊಪ್ಪಿನವಳಿಂದ ತಳ್ಳಿಸಿಕೊಳ್ಳುವ ಹಾಗಾಗಿದೆ! ಡಬ್ಬ ಹಿಡಿದು ಸಾಲಾಗಿ ಕೂತಿದ್ದ ಹೆಂಗಸರೆಲ್ಲರ ಎದುರಿಗೇ ಕೂಗಿದೆ: "ಅತ್ತೆ, ನಮ್ ಇಂಜಿನ್ ನಮಗ್ ಕೊಟ್ಬುಡಿ!"

ಕೂಗಿದ್ದೇ ತಡ ನನ್ನ ಬಾಯಿ ನಾನೇ ಮುಚ್ಚಿಕೊಳ್ಳಬೇಕು ಅನ್ನಿಸಿತು. ಮಿಲ್ಲತ್ತೆ ಹಿಟ್ಟು ಮೆತ್ತಿದ ರೆಪ್ಪೆ ಬಡಿಯುತ್ತಾ ನನ್ನನ್ನು ನೋಡಿದರು. ಕಲ್ಲಿನಲ್ಲಿ ಯಾರದೋ ರಾಗಿ ಅರ್ಧ ಬೀಸಿತ್ತು. ಹಾಗೇ ಇಂಜಿನ್ ಆರಿಸಿದರು. "ತಗೊಂಡೋಗವ್ವ. ನಿಂದೇ ಅಲ್ವಾ," ಎಂದು, ಸೆರಗಿನಲ್ಲಿ ಮುಖ ಒರೆಸಿಕೊಂಡು ಹಿಂದಿನ ಬಾಗಿಲಿನಿಂದ ಮನೆಯೊಳಗೆ ಹೋದರು. ಮಾರನೆಯ ದಿನದಿಂದ ಮಿಲ್ಲು ಬಾಗಿಲು ತೆರೆಯಲಿಲ್ಲ.

ಸುದ್ದಿ ನನಗಿಂತ ಮುಂಚೆ ಅವ್ವನಿಗೆ ತಲುಪಿತ್ತು. ಅವಳು ಬೈಯಲಿಲ್ಲ, ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನನ್ನ ತಟ್ಟೆಗೆ ಅನ್ನ ಹಾಕಿ ತಾನು ಉಣ್ಣದೆ ಗೋಡೆ ಕಡೆ ತಿರುಗಿ ಮಲಗಿಕೊಂಡಳು. ಮಂಗಳವಾರ ಬಂತು. ಸೀರೆ ಉಟ್ಟು, ರಾಗಿ ಚೀಲ ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದವರೆಗೂ ಜಗಲಿಯ ಮೇಲೆ ಕೂತಿದ್ದಳು. ಆಮೇಲೆ ಎದ್ದು ಸೀರೆ ಬದಲಾಯಿಸಿಕೊಂಡಳು. ಇಷ್ಟು ವರ್ಷ ಸಾವಿರಾರು ಮಕ್ಕಳ ಎದುರು ಗಟ್ಟಿಯಾಗಿ ನಿಂತವಳು, ಶೆಡ್ಡಿಗೆ ಹೋಗಿ ಆ ಹಾಳು ಜೀಪಿನ ಒಳಗೆ ಕೂತು ಅತ್ತುಬಿಟ್ಟೆ.

ಸರಿಪಡಿಸಲು ನಾನೇ ಹೋದೆ. ಮಿಲ್ಲತ್ತೆ ಬಾಗಿಲಲ್ಲಿ ನಿಂತು, ತುಂಬಾ ಮರ್ಯಾದೆಯಿಂದ, "ಇಂಜಿನ್ನ ಕಳಿಸ್ಕೊಡ್ತೀನಿ, ಆದ್ರೆ ಬರೀದ್ ಯೆಂಗೆ ಕಳಿಸ್ಲವ್ವ?" ಎಂದರು. ನಮ್ಮಲ್ಲಿ ಪಕ್ಕದ ಮನೆಯಿಂದ ಸಾರು ಬಂದ ಪಾತ್ರೆಯನ್ನು ಖಾಲಿ ವಾಪಸು ಕೊಡುವುದಿಲ್ಲ, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಆ ಲೆಕ್ಕದಲ್ಲಿ ಮೂವತ್ತು ವರ್ಷ ಇಟ್ಟುಕೊಂಡ ಇಂಜಿನ್ನಿನ ಜೊತೆ ಏನು ಹಾಕಿ ಕೊಡಬೇಕು ಎಂದು ಆಕೆಗೆ ತೋಚುತ್ತಿಲ್ಲವಂತೆ. ಮನೆಗೆ ಬಂದರೆ ಅವ್ವ ಗೋಡೆಗೆ ಹೇಳುವವಳ ಹಾಗೆ, "ಅವರ ಮಿಷನ್ ಬರಿದು ಮಾಡಿ ನಾವು ತಗೊಂಡ್ ಬರೋದಾ? ಅಂಥಾ ಪಾಪ ಬ್ಯಾಡ," ಎನ್ನುತ್ತಾಳೆ. ನಾನು ತಲೆ ಚಚ್ಚಿಕೊಂಡು ಮೆಕಾನಿಕ್ಕನ್ನು ನಡುವೆ ಕಳಿಸಿದೆ. ಆತ ನಾಲ್ಕಾರು ಸಲ ಈ ಬೀದಿಯಿಂದ ಆ ಬೀದಿಗೆ ಓಡಾಡಿ, ಬೆವರು ಒರೆಸಿಕೊಂಡು, "ಮೇಡಮ್, ನಾನು ಇಂಜಿನ್ ಕೆಲಸದವನು, ಗಂಡು ಹೆಣ್ಣು ಗೊತ್ತು ಮಾಡೋ ದಲ್ಲಾಳಿ ಅಲ್ಲ. ಆ ಕಡೆ ಒಂದಿದೆ, ಈ ಕಡೆ ಒಂದಿದೆ. ಅದಲು ಬದಲು ಮಾಡಿ ಮುಗಿಸ್ರೀ ಅತ್ಲಾಗೆ!" ಎಂದು ರೇಗಿದ.

ಯಾರಿಗೂ ಹೊಳೆಯದ್ದು ಆತನಿಗೆ ಸಿಟ್ಟಿನಲ್ಲಿ ಹೊಳೆದಿತ್ತು. ಟೆಂಪೋದ ಇಂಜಿನ್ನಿಗೆ ಜೀಪು ಎಳೆಯುವ ತಾಕತ್ತಿರಲಿಲ್ಲ, ಕಲ್ಲು ತಿರುಗಿಸುವ ತಾಕತ್ತು ಬೇಕಾದಷ್ಟಿತ್ತು. ಇದನ್ನು ಅವರಿಗೆ ಕೊಡುವುದು, ಅದನ್ನು ನಾವು ತರುವುದು. ಯಾರ ಪಾತ್ರೆಯೂ ಖಾಲಿ ಇಲ್ಲ. ಅವ್ವ ಗೋಡೆಯಿಂದ ಈ ಕಡೆ ತಿರುಗಿದಳು. "ಒಳ್ಳೆ ದಿನ ನೋಡ್ಸು," ಎಂದಳು.

ಅದಲು ಬದಲಿನ ದಿನ ಮಿಲ್ಲಿನ ಮುಂದೆ ರಂಗೋಲಿ ಹಾಕಿತ್ತು. ಅವ್ವ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು ಹಿಡಿದು ಬಂದಳು. ಹಿಂದೆ ಮೆಕಾನಿಕ್ಕಿನ ಕೈಗಾಡಿಯಲ್ಲಿ ಟೆಂಪೋ ಇಂಜಿನ್, ಅದರ ಕೊರಳಿಗೆ ಚೆಂಡುಹೂವಿನ ಹಾರ. ಮಿಲ್ಲತ್ತೆ ನಮ್ಮ ಇಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ರವಿಕೆ ಬಟ್ಟೆ ಹೊದಿಸಿ, ಅದರ ಮೇಲೆ ಅಕ್ಕಿ, ಬೆಲ್ಲ, ಕೊಬ್ಬರಿ ಇಟ್ಟು ಮಡಿಲು ತುಂಬಿದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಾಡುತ್ತಾರಲ್ಲ, ಹಾಗೆ. ಬೋಲ್ಟು ಬಿಚ್ಚುವಾಗ ಕಣ್ಣಿಗೆ ಸೆರಗು ಒತ್ತಿಕೊಂಡರು. ನೋಡಲು ನೆರೆದಿದ್ದ ಹೆಂಗಸರೂ ಅತ್ತರು. ಮೆಕಾನಿಕ್ ಕೈಯಲ್ಲಿ ಸ್ಪ್ಯಾನರ್ ಹಿಡಿದು ಯಾವ ಮುಖ ಮಾಡಿಕೊಂಡು ನಿಲ್ಲಬೇಕೋ ತಿಳಿಯದೆ ನನ್ನ ಕಡೆ ನೋಡಿದ. ನಾನು "ನೋಡ್ತಾ ನಿಂತ್ಕೋಬೇಡ, ಬಿಚ್ಚು!" ಎಂದು ಗದರಿದೆ.

ಆದರೆ ಇಷ್ಟೆಲ್ಲ ಆದರೂ ಆ ಇಬ್ಬರು ಆಡಿದ ಮಾತು ಇಷ್ಟೇ: "ಬರ್ತೀವಿ", "ಹೋಗ್ಬನ್ನಿ".

ಲಷ್ಕರ್ ಮೊಹಲ್ಲಾದಲ್ಲಿ ಇಂಜಿನ್ ಬಿಚ್ಚಿದಾಗ ಒಳಗೆ ಹೊರಗೆ ಎಲ್ಲೆಲ್ಲೂ ರಾಗಿ ಹಿಟ್ಟು. ಎಣ್ಣೆಯ ಜೊತೆ ಕಲೆತು, ಬೆಂದು, ಅಲ್ಲಲ್ಲಿ ಸಾಕ್ಷಾತ್ ಮುದ್ದೆಯೇ ಆಗಿತ್ತು. ಪಿಸ್ಟನ್, ರಿಂಗು, ವಾಲ್ವು ಎಲ್ಲ ಹೊಸದು ಹಾಕಬೇಕಾಯಿತು. "ಮೇಡಮ್, ಈ ಇಂಜಿನ್ ತೊಳೆದು ತೊಳೆದು ನನಗೆ ಹೊತ್ತಿಗೆ ಮುಂಚೆ ಹಸಿವಾಗುತ್ತೆ," ಎಂದು ಮೆಕಾನಿಕ್ ದೂರಿದ. ಜೀಪಿನ ಮೈಗೆ ಅಪ್ಪನ ಕಾಲದ್ದೇ ಹಸಿರು ಬಣ್ಣ ಹೊಡೆಸಿದೆ. ಸೆಲ್ಫ್ ಸ್ಟಾರ್ಟ್ ಮಾತ್ರ ಆಗಲಿಲ್ಲ. ಬೆಲ್ಟು ಕೂರಲೆಂದು ಮಿಲ್ಲಿನಲ್ಲಿ ಫ್ಲೈವೀಲಿನ ಸುತ್ತ ಸೆಲ್ಫ್ ಕಚ್ಚಿಕೊಳ್ಳುವ ಹಲ್ಲುಚಕ್ರವನ್ನೇ ಕಿತ್ತು ಎಲ್ಲಿಗೋ ಎಸೆದಿದ್ದರು. ಹಾಗಾಗಿ ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಬೇಕು. ಅತ್ತ ಮಿಲ್ಲಿನ ಹೊಸ ಇಂಜಿನ್ನಿಗೆ ಹಗ್ಗ ಎಳೆಯಲು ಗೋಡೆ ಅಡ್ಡ, ಅದಕ್ಕೂ ಹ್ಯಾಂಡಲ್ಲೇ ಬೇಕು. ಮೆಕಾನಿಕ್ ನಮ್ಮ ಹಳೆಯ ಹ್ಯಾಂಡಲ್ಲಿನ ಇನ್ನೊಂದು ತುದಿಗೂ ಒಂದು ಮೂತಿ ವೆಲ್ಡಿಂಗ್ ಮಾಡಿ ತಂದ. ಈ ತುದಿ ಜೀಪಿಗೆ, ಆ ತುದಿ ಮಿಲ್ಲಿಗೆ. "ಡಬಲ್ ಆಕ್ಷನ್ ಮೇಡಮ್! ಇಡೀ ಮೈಸೂರಲ್ಲಿ ಇಂಥದ್ದು ಇನ್ನೊಂದಿಲ್ಲ," ಎಂದ. "ಎರಡು ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಕೇಳಿದರೆ, ಅದು ತನಗೆ ಹೊಳೆಯಲೇ ಇಲ್ಲ ಎಂದ.

ಬೆಟ್ಟಕ್ಕೆ ಹೊರಟ ದಿನ ಜೀಪನ್ನು ಮಿಲ್ಲಿನ ಮುಂದೆ ನಿಲ್ಲಿಸಿ, ಅಲ್ಲೇ ಹೊಸ ಇಂಜಿನ್ನನ್ನೂ ಚಾಲೂ ಮಾಡಿಕೊಟ್ಟು, ವಿಷಲ್ ಊದಿ, "ಅತ್ತೆ, ಹತ್ತಿ!" ಎಂದೆ. "ನಾನ್ಯಾಕವ್ವ, ನೀವ್ ಹೋಗ್ಬನ್ನಿ. ಮಿಷನ್ ಓಡ್ತಾ ಅದೆ," ಎಂದು ಹಿಂದೆ ಸರಿದರು. ಮತ್ತೊಂದು ಸಲ ಊದಿದೆ. ಮಿಲ್ಲನ್ನು ಸಾಲಿನ ಮೊದಲಿದ್ದ ಹೆಂಗಸಿಗೆ ಒಪ್ಪಿಸಿ ಹತ್ತಿ ಕೂತರು. ನನ್ನ ವಿಷಲ್ಲಿಗೆ ಎದುರಾಡಿದವರು ಇಲ್ಲ.

ಹಿಂದಿನ ಸೀಟಿನಲ್ಲಿ ಇಬ್ಬರೂ ನಡುವೆ ಒಂದು ಮೊಳ ಜಾಗ ಬಿಟ್ಟು, ಬಸ್ಸಿನಲ್ಲಿ ಸಿಕ್ಕ ಅಪರಿಚಿತರ ಹಾಗೆ ಕೂತಿದ್ದರು. ಜೀಪು ಏರು ಹತ್ತತೊಡಗಿತು. ಅಬ್ಬಾ, ಏನು ಓಟ! ಅದೇ ಸದ್ದು, ಅದೇ ಗತ್ತು. ಆದರೆ ಬಿಸಿಯಾಗುತ್ತಿದ್ದ ಹಾಗೆ ಎಲ್ಲಿಯೋ ಸಂದಿಯಲ್ಲಿ ಉಳಿದಿದ್ದ ಹಿಟ್ಟು ಹುರಿದ ವಾಸನೆ ಘಮ್ಮೆಂದು ಏಳತೊಡಗಿತು. ಹಿಂದೆ ಬರುತ್ತಿದ್ದ ಸ್ಕೂಟರಿನವರು ಮೂಗು ಎತ್ತಿಕೊಂಡು ಬಂದರು. ತಿರುವೊಂದರಲ್ಲಿ, ಅರಮನೆಯೂ ಊರೂ ಒಟ್ಟಿಗೆ ಕೆಳಗೆ ಕಾಣುವ ಕಡೆ, ಇಂಜಿನ್ ಒಂದು ಸಲ ತೇಗಿ ನಿಂತುಬಿಟ್ಟಿತು. ನಾನು ಇಳಿದು ಹ್ಯಾಂಡಲ್ ಹಾಕಿ ತಿರುಗಿಸಿದೆ, ಬೈದೆ, ಮತ್ತೆ ತಿರುಗಿಸಿದೆ.

ಹಿಂದೆ ಅವ್ವ ಮೆಲ್ಲಗೆ, "ನಿಮ್ಮ ಮಿಲ್ಲಲ್ಲಿ ಯಾವತ್ತೂ ಹಿಂಗೆ ನಿಲ್ತಿರ್ಲಿಲ್ಲ ಅಲ್ವಾ?" ಎಂದಳು.

"ನಿಲ್ತಿರ್ಲಿಲ್ಲ. ಚೆನ್ನಾಗ್ ನೋಡ್ಕೊಂಡಿದ್ದೆ," ಎಂದರು ಮಿಲ್ಲತ್ತೆ. ಸೆರಗು ಎಳೆದುಕೊಳ್ಳುತ್ತಾ, "ಒಂದ್ ಮಾತ್ ಕೇಳಿದ್ರೆ ಅವತ್ತೇ ಕೊಡ್ತಿದ್ದೆ," ಎಂದರು.

"ನೀವೇ ಕೊಡ್ಬೋದಿತ್ತಲ್ಲ?"

"ಯೆಂಗೆ ಕೊಡ್ಲಿ? ಕೊಟ್ರೆ ನಿಮ್ ಉಪಕಾರ ಸಾಕು ಅಂದಂಗಾಗ್ತಿತ್ತಲ್ಲ! ಅದಕ್ಕೇ ಕರೆಂಟೂ ಹಾಕಿಸ್ಲಿಲ್ಲ, ಊರೋರೆಲ್ಲ ನಗ್ತಿದ್ರೂ ಅದರಲ್ಲೇ ಬೀಸ್ಕೊಂಡ್ ಕೂತ್ಕೊಂಡೆ!"

"ಅಯ್ಯೋ ನಿನ್ನ ಮನೆ ಕಾಯ್ವಾಗ!" ಅವ್ವ ನೆಟ್ಟಗೆ ಕೂತಳು. "ನೀನು ಬೇಜಾರ್ ಮಾಡ್ಕೊಂಡೀಯ ಅಂತ ನಾನು ವಾರ ವಾರ ಹೊತ್ಕೊಂಡ್ ಬಂದೆನಲ್ಲೇ ರಾಗೀನ! ನಂಗೂ ನನ್ನ ಮಗಳಿಗೂ ಮುದ್ದೆ ಕಂಡ್ರೆ ವಾಕರಿಕೆ ಬರ್ತದೆ ಕಣೇ!"

"ಹಾಳಾದೋಳೆ! ಅಂಗಂತ ಬಾಯ್ಬುಟ್ಟು ಹೇಳ್ಬಾರ್ದಾ? ನೀನ್ ಬತ್ತೀಯ ಅಂತ ನಾನು ಮೊನ್ನೆವರ್ಗೂ ಮಂಗಳವಾರ ಒಂದಿನಾನೂ ಮಿಷನ್ ಮುಚ್ಚಿರ್ಲಿಲ್ಲ, ನನ್ನ ತಮ್ಮನ ಮಗಳ ಮದುವೆಗೂ ಹೋಗ್ಲಿಲ್ಲ!"

ಬೆಟ್ಟದ ತಿರುವಿನಲ್ಲಿ, ಎಂಬತ್ತು ಮುಟ್ಟುತ್ತಿರುವ ಇಬ್ಬರು ಹೆಂಗಸರು ನಿಂತ ಜೀಪಿನಲ್ಲಿ ಕೂತು ಒಬ್ಬರನ್ನೊಬ್ಬರು ಬಾಯಿಗೆ ಬಂದ ಹಾಗೆ ಬೈದುಕೊಂಡರು. ಊರು ನೋಡಲು ಬಂದವರು ಅರಮನೆಗೆ ಬೆನ್ನು ಹಾಕಿ ಇವರನ್ನು ನೋಡುತ್ತಾ ನಿಂತರು. ಬೈಗುಳ ಯಾವಾಗ ನಗುವಾಯಿತೋ ನನಗೆ ಗೊತ್ತಾಗಲಿಲ್ಲ. ತಿರುಗಿ ನೋಡಿದಾಗ ನಡುವಿನ ಮೊಳ ಜಾಗ ಇರಲಿಲ್ಲ; ಒಬ್ಬರ ತೋಳು ಒಬ್ಬರು ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. "ಇನ್ಮೇಲೆ ರಾಗಿ ಗೀಗಿ ತಂದೀಯ, ಹುಷಾರ್!" ಎಂದರು ಮಿಲ್ಲತ್ತೆ. ಇಂಜಿನ್ ಮತ್ತೆ ಸ್ಟಾರ್ಟ್ ಆಯಿತು. ಅಮ್ಮನವರ ದರ್ಶನ ಮಾಡಿ, ಇಳಿಯುವಾಗಲೂ ಬಾಯಿ ಮುಚ್ಚದೆ ಬಂದರು.

ಎಲ್ಲ ಸರಿಹೋಯಿತು ಎಂದುಕೊಂಡೆ. ಆ ಮಂಗಳವಾರ ಅವ್ವ ಮತ್ತೆ ಜಗಲಿಯ ಮೇಲೆ ಸುಮ್ಮನೆ ಕೂತಿದ್ದಳು. "ಹೋಗಿ ಬಾರವ್ವ," ಎಂದರೆ, "ಏನಂತ ಹೋಗ್ಲಿ? ರಾಗಿ ತರಬೇಡ ಅಂದವಳೆ. ಇಂಜಿನ್ ಬಂತು, ಲೆಕ್ಕ ಮುಗೀತು. ಸುಮ್ ಸುಮ್ಮನೆ ಹೋಗಿ ಬಾಗಿಲಲ್ಲಿ ನಿಂತ್ಕೊಳೋಕಾಗ್ತದಾ?" ಎಂದಳು. ನನಗೆ ಕೂದಲು ಕಿತ್ತುಕೊಳ್ಳುವ ಹಾಗಾಯಿತು. ಶಿವನೇ, ಜೀವದ ಗೆಳತಿಯ ಮನೆಗೆ ಹೋಗಲು ನೆಪ ಬೇಕೇನು? ಬೇಕಂತೆ.

ಅಷ್ಟರಲ್ಲಿ ಗೇಟು ಸದ್ದಾಯಿತು. ಮಿಲ್ಲತ್ತೆ, ಸೆರಗಿನಲ್ಲಿ ನಾಲ್ಕು ನಿಂಬೆಹಣ್ಣು ಕಟ್ಟಿಕೊಂಡು. "ಅಲ್ಲ ಕಣೇ, ಹ್ಯಾಂಡಲ್ ನಿಮ್ ಜೀಪಲ್ಲೇ ಉಳ್ಕೊಂಡದೆ. ಮಿಷನ್ ಯೆಂಗೆ ಚಾಲೂ ಮಾಡ್ಲಿ?" ಅವ್ವನ ಮುಖ ನೋಡಬೇಕಿತ್ತು. ನಡುವಿಗೆ ಸೆರಗು ಸಿಕ್ಕಿಸಿಕೊಂಡು ಕಾಫಿಗೆ ನೀರಿಟ್ಟಳು.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ನಾನು ಬೆಳಿಗ್ಗೆ ಜೀಪು ತೆಗೆಯಬೇಕೆಂದರೆ ಹ್ಯಾಂಡಲ್ ಮಿಲ್ಲಿನಲ್ಲಿ. ತರಲು ಅವ್ವ ಹೋಗಬೇಕು, ನಾನು ಹೋಗುವ ಹಾಗಿಲ್ಲ. ಹೋದವಳು ಹಿಂದಿರುಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಹ್ಯಾಂಡಲ್ ಬರುವ ಚೀಲದಲ್ಲಿ ಒಂದಿಷ್ಟು ಅಕ್ಕಿ ಹಿಟ್ಟು, ಹೋಗುವ ಚೀಲದಲ್ಲಿ ನಮ್ಮ ಹಿತ್ತಲಿನ ಕರಿಬೇವು. "ಈಗಲಾದ್ರೂ ಕರೆಂಟ್ ಹಾಕ್ಸಿ ಅತ್ತೆ," ಎಂದರೆ, "ನೀವು ಕೊಟ್ಟಿರೋ ಇಂಜಿನ್ ಬ್ಯಾಡ ಅನ್ಲಾ? ನಾನ್ ಅಂಥಾ ಹೆಂಗ್ಸಲ್ಲ," ಎನ್ನುತ್ತಾರೆ.

ಸಾಕಾಗಿ ಮೆಕಾನಿಕ್ಕಿಗೆ ಹೇಳಿ ಇನ್ನೊಂದು ಹ್ಯಾಂಡಲ್ ಮಾಡಿಸಿ ತಂದು ಶೆಡ್ಡಿನ ಮೊಳೆಗೆ ತಗುಲಿ ಹಾಕಿದೆ. ಬೆಳಗಾಗುವಷ್ಟರಲ್ಲಿ ಮಾಯ. "ಯಾವ ಹ್ಯಾಂಡಲ್ಲು? ನಾನ್ಯಾಕೆ ಮುಟ್ಲಿ ನಿನ್ನ ಹ್ಯಾಂಡಲ್ಲ?" ಎಂದು ಅವ್ವ ನನ್ನ ಮೇಲೇ ಜೋರು ಮಾಡಿದಳು. ಮನೆಯೆಲ್ಲ ಹುಡುಕಿದೆ, ಅಟ್ಟ ಹತ್ತಿ ಇಳಿದೆ, ಮೆಕಾನಿಕ್ ಮೇಲೂ ಅನುಮಾನಪಟ್ಟೆ.

ಮೊನ್ನೆ, ಯಾರೂ ತಿನ್ನದ ರಾಗಿ ಡ್ರಮ್ಮಿನಲ್ಲಿ ಸುಮ್ಮನೆ ಬಿದ್ದಿದೆಯಲ್ಲ, ತೆಗೆದು ಯಾರಿಗಾದರೂ ಕೊಡೋಣ ಎಂದು ಮುಚ್ಚಳ ತೆಗೆದು ಸೇರು ಒಳಗೆ ಹಾಕಿದೆ. ಟಣ್ ಎಂದಿತು. ಕೈ ಹಾಕಿ ನೋಡಿದರೆ ಕಬ್ಬಿಣದ ತಣ್ಣನೆಯ ಮೂತಿ. ರಾಗಿಯೊಳಗೆ ನೆಟ್ಟಗೆ ನಿಲ್ಲಿಸಿ ಹೂತಿಟ್ಟಿದ್ದಳು. ನನಗೆ ಬಂದ ಸಿಟ್ಟಿಗೆ "ಅವ್ವಾ!" ಎಂದು ಕಿರುಚಿಯೂಬಿಟ್ಟೆ.

"ಏನೇ?" ಎನ್ನುತ್ತಾ ಅವ್ವ ಹಿತ್ತಲಿನಿಂದ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು, ತಲೆ ಬಾಚಿ ಹೂ ಮುಡಿದಿದ್ದಳು. 'ಏನೇ' ಎಂದವಳು ಡ್ರಮ್ಮಿನ ಮುಚ್ಚಳ ತೆರೆದಿರುವುದನ್ನು ನೋಡಿದಳು. ಅಲ್ಲೇ ನಿಂತಳು. ಅವಳ ಕೈಯಲ್ಲಿ ಖಾಲಿ ಚೀಲವಿತ್ತು.

ಮೂವತ್ತು ವರ್ಷ ನನಗೆ ಮುದ್ದೆ ತಿನ್ನಿಸಿದ ಆ ಹಾಳು ದಾಕ್ಷಿಣ್ಯ ಎಲ್ಲಿತ್ತೋ ಏನೋ, ಬಂದು ನನ್ನ ಗಂಟಲಲ್ಲಿ ಕೂತಿತು. ಒಳಗೇ ಇದ್ದ ಕೈಯಿಂದ ಹ್ಯಾಂಡಲ್ಲನ್ನು ಇನ್ನಷ್ಟು ಕೆಳಕ್ಕೆ ಒತ್ತಿ, ಮೇಲೆ ರಾಗಿ ಎಳೆದು, ಮುಚ್ಚಳ ಹಾಕಿದೆ.

"ಜೀಪು ತೆಗೀಬೇಕು ಕಣವ್ವ," ಎಂದೆ. "ಹ್ಯಾಂಡಲ್ ಮಿಲ್ಲಲ್ಲಿದೆ. ಒಂಚೂರು ಹೋಗಿ ತರ್ತೀಯಾ?"

ಅವ್ವ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.